ತಾರಸಿಯ ಮೇಲೆ ಒಣಗಿದ ಮೌಸ್

ಮೊನ್ನೆ ಟೇಪು ಹುಡುಕಲು ಅಂಗಡಿಯ ಡ್ರಾಯರಿಗೆ ಕೈ ಹಾಕಿದಾಗ ಕೆಟ್ಟುಹೋದ ಹಳೇ ಕಂಪ್ಯೂಟರ್ ಮೌಸ್ ಕೈಗೆ ಸಿಕ್ಕಿತು. ಸಿಕ್ಕಿದ ಕೂಡಲೇ ಅದನ್ನು ಮೂಗಿನ ಹತ್ತಿರ ತಂದು ಮೂಸಿದೆ. ಎದುರಿಗೆ ಗಮ್‌ಬೂಟು ಹಾಕಿ ನೋಡುತ್ತಿದ್ದ ಗಿರಾಕಿ ಒಂದು ಕಾಲಿಗೆ ಬೂಟು ಏರಿಸಿಕೊಂಡು, ಇನ್ನೊಂದು ಬರಿಗಾಲಲ್ಲೇ ನಿಂತು ನನ್ನನ್ನು ದುರುಗುಟ್ಟಿ ನೋಡಿದ. ಮೌಸನ್ನು ಮೂಸುವ ಅಂಗಡಿಯವನ ಹತ್ತಿರ ವ್ಯಾಪಾರ ಮಾಡುವುದೋ ಬೇಡವೋ ಎಂದು ಅವನಿಗೆ ಅನ್ನಿಸಿದ್ದರೆ ತಪ್ಪಿಲ್ಲ. ಆದರೆ ಆ ಮೌಸಿಗೆ ಇವತ್ತಿಗೂ ಪಾರ್ಚ್‌ಮೆಂಟ್ ವಾಸನೆ ಇದೆ ಎಂದು ಅವನಿಗೆ ಹೇಗೆ ವಿವರಿಸಲಿ? ಹಣ್ಣಿನ ಸಿಪ್ಪೆ ಸುಲಿದು, ತೊಳೆದು, ಬಿಸಿಲಿಗೆ ಹರವುವ ಕಾಫಿ ಬೀಜಕ್ಕೆ ನಮ್ಮ ಕಡೆ ಪಾರ್ಚ್‌ಮೆಂಟ್ ಅನ್ನುತ್ತೇವೆ. ಅದರದು ಒಂಥರಾ ಹುಳಿ ಬೆರೆತ ಬಿಸಿಲಿನ ವಾಸನೆ. ಕಂಪ್ಯೂಟರಿನ ಯಾವ ಭಾಗಕ್ಕೂ ಅದು ಬರಬೇಕಾದ ಕಾರಣವಿಲ್ಲ.

ನೀವು ಬಯಲುಸೀಮೆಯವರಾದರೆ ಮೊದಲು ನಮ್ಮ ಅಂಗಡಿಯ ವಿಷಯ ಹೇಳಬೇಕು. ಮೂಡಿಗೆರೆ ಪೇಟೆಯಲ್ಲಿ ನಮ್ಮದು ಮಳೆ ಸಾಮಾನಿನ ಅಂಗಡಿ, ಅದಕ್ಕೆ ಅಂಟಿಕೊಂಡೇ ಮನೆ. ಕೊಡೆ, ಕಂಬಳಿ, ರೇನ್‌ಕೋಟು, ಗಮ್‌ಬೂಟು, ಕಣದ ಕಾಫಿಗೆ ಹೊದಿಸುವ ಟಾರ್ಪಾಲು, ಸುರುಳಿಯಿಂದ ಅಳೆದು ಕತ್ತರಿಸಿ ಕೊಡುವ ಪ್ಲಾಸ್ಟಿಕ್ಕು. ಮೋಡ ಕಪ್ಪಾದರೆ ಊರಿನವರೆಲ್ಲ ಮುಖ ಸಣ್ಣ ಮಾಡಿಕೊಳ್ಳುತ್ತಾರೆ, ನಾವು ಮಾತ್ರ ಗಿರಾಕಿಗಳ ಎದುರು ಮುಖ ಸಣ್ಣ ಮಾಡಿಕೊಂಡ ಹಾಗೆ ನಟಿಸುತ್ತೇವೆ. ತಲೆಮಾರುಗಳಿಂದ ನಟಿಸಿ ನಟಿಸಿ ನಮ್ಮ ಮನೆಯವರ ಮುಖವೇ ಹಾಗಾಗಿದೆ ಎಂದು ನನ್ನ ಹೆಂಡತಿ ಶೈಲಾ ಮದುವೆಯಾದ ಹೊಸದರಲ್ಲೇ ಹೇಳಿದ್ದಳು.

ಮಳೆಯಿಂದ ಅನ್ನ ತಿನ್ನುವ ನಾವು ಎಲ್ಲ ತಪ್ಪನ್ನೂ ಮಳೆಯ ತಲೆಗೇ ಕಟ್ಟುತ್ತೇವೆ. ಇದು ನಮ್ಮೊಂದು ಮನೆಯ ಕಾಯಿಲೆ ಅಲ್ಲ, ಇಡೀ ತಾಲ್ಲೂಕಿನದು. ಮಂಡಿ ನೋವು ಬಂದರೆ ಮಳೆ. ಮಗ ಗಣಿತದಲ್ಲಿ ಫೇಲಾದರೆ ಮಳೆಗೆ ಕರೆಂಟ್ ಇರಲಿಲ್ಲ. ಮದುವೆ ಮಾತುಕತೆ ಮುರಿದುಬಿದ್ದರೆ ಆ ಮಳೆಯಲ್ಲಿ ಹೊರಡಬಾರದಿತ್ತು. ನಿಂತ ಅಭ್ಯರ್ಥಿ ಸೋತರೂ ಮತದಾನದ ದಿನ ಮಳೆ ಇತ್ತು ಅನ್ನುತ್ತಾನೆ, ಅವನಿಗೆ ಯಾರೂ ಓಟು ಹಾಕಲಿಲ್ಲ ಎಂಬುದು ಆಮೇಲಿನ ಮಾತು. ಯಾವುದೇ ವಸ್ತು ಕೆಟ್ಟರೂ ನಾವು ಬಿಚ್ಚಿ ನೋಡುವುದಿಲ್ಲ, ಒಣಗಲು ಇಡುತ್ತೇವೆ. ಕೆಟ್ಟಿದ್ದೆಲ್ಲ ಒದ್ದೆಯಾಗಿಯೇ ಕೆಟ್ಟಿದ್ದು, ಒಣಗಿದರೆ ಸರಿಹೋಗುತ್ತದೆ ಎಂಬುದು ನಮ್ಮ ವಿಜ್ಞಾನ.

ನನ್ನ ಅಪ್ಪ ಒಂದು ಮಳೆಗಾಲದಲ್ಲಿ ಮಾತು ನಿಲ್ಲಿಸಿದ ರೇಡಿಯೋವನ್ನು ಬಚ್ಚಲೊಲೆಯ ಪಕ್ಕ ಇಟ್ಟು ಒಣಗಿಸಿದ್ದರು. ಒಂದು ಕಡೆ ಕರಗಿ ಸೊಟ್ಟಗಾದ ರೇಡಿಯೋ ಮತ್ತೆ ಮಾತಾಡಿತು, ಆದರೆ ವಾರ್ತೆ ಓದುವವರಿಗೆಲ್ಲ ಗಂಟಲು ಕಟ್ಟಿದ ಹಾಗೆ. ಪ್ರಧಾನಮಂತ್ರಿಯಿಂದ ಹಿಡಿದು ಕೃಷಿರಂಗದ ಅಕ್ಕನವರೆಗೆ ಎಲ್ಲರಿಗೂ ನೆಗಡಿ. ಅಪ್ಪನಿಗೆ ಮಾತ್ರ ಬಹಳ ಹೆಮ್ಮೆ. ಬಂದವರಿಗೆಲ್ಲ ತೋರಿಸಿ, "ನೋಡಿ, ಒಣಗಿಸಿದ್ದಕ್ಕೆ ಸರಿಹೋಯ್ತು" ಅನ್ನುತ್ತಿದ್ದರು.

ಅದೇ ಅಂಗಡಿಯ ಮಗ ನಾನು. ಅಂಗಡಿಯವರ ಮಕ್ಕಳಿಗೆ ಎಲ್ಲ ಹೊಸದು ಸಿಗುತ್ತದೆ ಎಂದು ಶಾಲೆಯಲ್ಲಿ ಹುಡುಗರು ಹೊಟ್ಟೆಕಿಚ್ಚು ಪಡುತ್ತಿದ್ದರು. ನಮಗೆ ಸಿಗುತ್ತಿದ್ದದ್ದು ಮಾರಾಟವಾಗದೆ ಉಳಿದದ್ದು. ಕಡ್ಡಿ ಬಾಗಿದ ಕೊಡೆ, ಒಂದು ತೋಳು ಗಿಡ್ಡವಾದ ರೇನ್‌ಕೋಟು. ಒಂದು ವರ್ಷ ಕಂಪನಿಯವರು ಎರಡೂ ಎಡಗಾಲಿನ ಗಮ್‌ಬೂಟು ಒಂದು ಜೊತೆ ಕಳಿಸಿಬಿಟ್ಟಿದ್ದರು. ಅದನ್ನು ನಾನು ಮಳೆಗಾಲ ಪೂರ್ತಿ ಹಾಕಿದೆ. ಬಲಗಾಲು ಒಂದು ದಿಕ್ಕಿಗೆ, ನಾನು ಒಂದು ದಿಕ್ಕಿಗೆ. ಆ ಎಡಗಾಲಿನ ಬೂಟನ್ನು ನನ್ನ ಬಲಗಾಲಿಗೆ ಎಳೆದು ಹಾಕಿದವರು ನಮ್ಮ ಗಿರಿಜತ್ತೆ. "ನಾಲ್ಕು ದಿನ ನಡಿ, ಕಾಲೇ ಕಲಿಯುತ್ತೆ" ಅಂದಿದ್ದರು. ಕಾಲು ಕಲಿಯಲಿಲ್ಲ ಎಂದು ನಾನು ಇವತ್ತಿಗೂ ವಾದಿಸುತ್ತೇನೆ.

ಗಿರಿಜತ್ತೆ ನನ್ನ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದರು. ಬಂದವರನ್ನು ಅಡುಗೆಮನೆಗೆ ಕಳಿಸುವ ಬದಲು ಅಜ್ಜ ಅಂಗಡಿಯ ಗಲ್ಲಾದಲ್ಲಿ ಕೂರಿಸಿದರು. ಆಮೇಲೆ ಅವರನ್ನು ಅಲ್ಲಿಂದ ಏಳಿಸುವ ಧೈರ್ಯ ಅಜ್ಜನಿಗೂ ಬರಲಿಲ್ಲ, ಅಪ್ಪನಿಗೂ ಬರಲಿಲ್ಲ. ಹಣೆ ತುಂಬ ವಿಭೂತಿ ಬಳಿದುಕೊಂಡು, ಕೌಂಟರಿನ ಮೇಲೆ ಪ್ಲಾಸ್ಟಿಕ್ ಸುರುಳಿ ಬಿಡಿಸಿ ಮುಂದಕ್ಕೆ ತಳ್ಳುತ್ತಾ, ಅಳೆಯುತ್ತಾ, ಸಾಹುಕಾರರನ್ನೂ ಆಳುಗಳನ್ನೂ ಒಂದೇ ಧ್ವನಿಯಲ್ಲಿ ಗದರುತ್ತಿದ್ದರು. ಈಗ ಗಲ್ಲಾ ನನ್ನದು, ಗದರುವುದು ಮಾತ್ರ ಅವರದೇ.

ಅವರ ಕಣ್ಣಿಗೆ ಈಚೆಗೆ ಏನೋ ಆಗಿದೆ. ನಡುವಿನ ನೋಟ ಸವೆದಿದೆ, ಸುತ್ತಲಿನದು ಉಳಿದಿದೆ ಎಂದು ಚಿಕ್ಕಮಗಳೂರಿನ ಕಣ್ಣಿನ ಡಾಕ್ಟರು ಹೇಳಿದರು. ಹಾಗಾಗಿ ನಿಮ್ಮ ಮುಖ ನೋಡಬೇಕೆಂದರೆ ಅವರು ನಿಮ್ಮ ಕಿವಿಯ ಆಚೆ ಎಲ್ಲೋ ನೋಡುತ್ತಾರೆ. ಪೇಪರಿನ ಅಕ್ಷರ ಕಾಣದಾದಾಗ ಅವರು ಕಂಗಾಲಾದರು. ಪೇಪರ್ ಅಂದರೆ ಪೂರ್ತಿ ಪೇಪರ್ ಅಲ್ಲ. ರಾಜಕೀಯದವರು ಬೈದಾಡಿದ್ದು ಅವರಿಗೆ ಬೇಡ. ಬೇಕಾದದ್ದು ನಿಧನ ವಾರ್ತೆಯ ಪುಟ. ಅದಕ್ಕೆ ಅವರಿಟ್ಟ ಹೆಸರು 'ಹೋದೋರ ಪುಟ'. ಯಾರು ಲಿಂಗೈಕ್ಯರಾದರು, ಯಾರು ದೈವಾಧೀನರಾದರು, ಯಾರು ಸುಮ್ಮನೆ ನಿಧನರಾದರು, ಎಲ್ಲವೂ ಗೊತ್ತಾದ ಮೇಲೆಯೇ ಅವರಿಗೆ ಕಾಫಿ ರುಚಿಸುವುದು. ನಾನು ಒಮ್ಮೆ ನಕ್ಕಿದ್ದಕ್ಕೆ, "ಹೋದೋರು ಯಾರು ಅಂತ ಗೊತ್ತಿಲ್ದೆ ಇರೋರ ಜೊತೆ ಹೆಂಗೋ ವ್ಯಾಪಾರ ಮಾಡ್ತೀಯ?" ಅಂದರು. ಒಂದು ಎಸ್ಟೇಟಿನ ಯಜಮಾನರು ತೀರಿಕೊಂಡ ವಾರದಲ್ಲೇ ಅವರ ಮಗನನ್ನು "ಅಪ್ಪ ಆರಾಮಾ?" ಎಂದು ಕೇಳಿ ಮುಖ ಕೆಡಿಸಿಕೊಂಡವನು ನಾನು.

ಈ ಕಷ್ಟಕ್ಕೆ ದಾರಿ ಹುಡುಕಿದವಳು ಶೈಲಾ. ಅಂಗಡಿಯ ಬಿಲ್ಲಿಗೆ ಇಟ್ಟ ಕಂಪ್ಯೂಟರಿನಲ್ಲಿ ಪೇಪರ್ ತೆರೆದು ಅಕ್ಷರಗಳನ್ನು ಹಿಗ್ಗಿಸಿ ಹಿಗ್ಗಿಸಿ ಒಂದೊಂದೂ ಅಂಗೈ ಗಾತ್ರಕ್ಕೆ ತಂದಳು. ಪರದೆಯ ತುಂಬ ನಾಲ್ಕೈದು ಪದ. ಮುಂದಿನ ನಾಲ್ಕೈದು ಪದ ಬೇಕಾದರೆ ಮೌಸಿನ ನಡುವಿನ ಚಕ್ರ ತಿರುಗಿಸಬೇಕು. ಅತ್ತೆ ಕಲಿತರು. ಬೆಳಿಗ್ಗೆ ಶಟರ್ ತೆಗೆಯುವ ಮುಂಚೆ ಕುರ್ಚಿಯಲ್ಲಿ ಕೂತು, ತಲೆ ಓರೆ ಮಾಡಿ, ಚಕ್ರ ತಿರುಗಿಸುತ್ತಾ ಒಬ್ಬೊಬ್ಬರನ್ನೇ ಸಾವಕಾಶವಾಗಿ ಬೀಳ್ಕೊಡುತ್ತಿದ್ದರು. ಯಾರ ಹಂಗೂ ಇಲ್ಲ. ಅವರಿಗೆ ಸ್ವಂತಕ್ಕೆಂದು ಉಳಿದಿದ್ದ ಕೆಲಸ ಅದೊಂದೇ, ಅದು ಪೂರ್ತಿ ಆ ಚಕ್ರದ ಮೇಲೆ ನಿಂತಿತ್ತು.

ಆ ಚಕ್ರಕ್ಕೆ ಕಲ್ಲು ಹಾಕಿದವನು ನಾನು.

ಕಂಪ್ಯೂಟರ್ ಬಹಳ ದಿನದಿಂದ ಹಟ ಹಿಡಿದಿತ್ತು. ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಿ ಎಂದು ಪರದೆಯ ಮೂಲೆಯಲ್ಲಿ ಬಂದು ನಿಲ್ಲುವುದು. ನಾನು 'ಆಮೇಲೆ' ಒತ್ತುವುದು. ಇನ್ಶೂರೆನ್ಸ್ ಏಜೆಂಟರನ್ನು ಓಡಿಸಿ ಅಭ್ಯಾಸವಿದ್ದ ನನಗೆ ಅದೇನೂ ಕಷ್ಟವಾಗಿರಲಿಲ್ಲ. ಆದರೆ ಕಳೆದ ಡಿಸೆಂಬರಿನಲ್ಲಿ, ಕೊಯ್ಲಿನ ಹೊತ್ತಿನಲ್ಲಿ, ಬರಬಾರದ ಮಳೆ ಬಂತು. ಮೊದಲ ದಿನ ಟಾರ್ಪಾಲಿಗೆ ನೂಕುನುಗ್ಗಲು. ಮಾರನೇ ದಿನ ಮಳೆ ಇನ್ನೂ ಜೋರಾಗಿ, ರಸ್ತೆಗೆ ಮರ ಬಿದ್ದು, ಒಬ್ಬ ಗಿರಾಕಿಯೂ ಇಲ್ಲ. ಲೈನ್‌ಮನ್ ಕಂಬ ಹತ್ತಿ ಇಳಿದ ಮೇಲೆ ಕರೆಂಟ್ ಬಂತು. ಕೆಲಸವಿಲ್ಲದೆ ಕೂತವನಿಗೆ ಕಂಪ್ಯೂಟರ್ ಮತ್ತೆ ಕೇಳಿತು. ಪಾಪ ಅನ್ನಿಸಿ 'ಹೂಂ' ಅಂದೆ. ಮಲೆನಾಡಿನವರ ಜೀವನದಲ್ಲಿ ಎಲ್ಲ ಅನಾಹುತವೂ ಹೀಗೆ ಮಳೆಗೆ ಬೇಜಾರಾಗಿ ಕೂತಾಗಲೇ ಆಗುವುದು. ನೋಡಿ, ಇಲ್ಲೂ ನಾನು ಮಳೆಯನ್ನೇ ದೂರುತ್ತಿದ್ದೇನೆ.

ಮಾರನೇ ಬೆಳಿಗ್ಗೆ ಅತ್ತೆಯ ಕೂಗು ಕೇಳಿ ಹಲ್ಲುಜ್ಜುತ್ತಿದ್ದವನು ಓಡಿಬಂದೆ.

"ಏ ಪ್ರಸಾದ, ಇದೆಂತದೋ ಇದು? ಕೆಳಗೆ ಹೋಗು ಅಂದ್ರೆ ಮೇಲೆ ಹೋಗುತ್ತೆ!"

ನಿಜ. ಚಕ್ರವನ್ನು ನಮ್ಮ ಕಡೆಗೆ ಎಳೆದರೆ ಪುಟದ ಮುಂದಿನ ಸಾಲು ಬರಬೇಕು, ಅಷ್ಟು ದಿನ ಬರುತ್ತಿದ್ದದ್ದು ಹಾಗೆ. ಈಗ ಎಳೆದರೆ ಪುಟ ಹಿಂದಕ್ಕೆ ಜಿಗಿದು ಪೇಪರಿನ ತಲೆಗೇ ಹೋಗಿ ಕೂರುತ್ತಿತ್ತು. ನಮಗಾದರೆ ಒಂದು ಚೂರು ಕಿರಿಕಿರಿ ಅಷ್ಟೇ. ನಾಲ್ಕು ಪದ ಮಾತ್ರ ಕಾಣುವವರಿಗೆ ಅದು ಕಣ್ಣು ಕಟ್ಟಿ ಪೇಟೆಯಲ್ಲಿ ಬಿಟ್ಟಂತೆ. ಎಲ್ಲಿದ್ದೇನೆ ಎಂದೇ ಗೊತ್ತಾಗದೆ ಅತ್ತೆ ತಿರುಗಿಸಿದರು, ಮತ್ತೆ ತಿರುಗಿಸಿದರು, ಕೊನೆಗೆ ಮೌಸನ್ನು ದೂರ ಸರಿಸಿ ಕೈ ಮಡಚಿ ಕೂತರು. ಅಷ್ಟು ದೊಡ್ಡ ಹೆಂಗಸು ಅಷ್ಟು ಸಣ್ಣ ವಸ್ತುವಿನ ಮುಂದೆ ಹಾಗೆ ಕೂತದ್ದು ನೋಡಿ ನನಗೆ ಸಂಕಟವಾಯಿತು.

"ನಾನು ಓದಿ ಹೇಳ್ತೀನಿ ಬಿಡಿ ಅತ್ತೆ" ಎಂದೆ.

ಓದಿದೆ. ಶಟರ್ ತೆಗೆಯುವ ಅವಸರ, ಹಾಲಿನವನು ಕಾಯುತ್ತಿದ್ದಾನೆ, ಗಡಗಡ ಓದಿ ಮುಗಿಸಿದೆ. ಅತ್ತೆ ನನ್ನ ಕಿವಿಯ ಆಚೆ ನೋಡುತ್ತಾ ಹೇಳಿದರು, "ನೀನು ಓದಿದ್ರೆ ಸತ್ತೋರೂ ಬಸ್ ತಪ್ಪಿಹೋಗುತ್ತೆ ಅಂತ ಓಡಿಹೋದಂಗೆ ಕೇಳುತ್ತೆ ಕಣೋ."

ಆದರೂ ದಿನಾ ಓದಿದೆ. ಓದುವಾಗ ಕೆಲವರನ್ನು ಹಾರಿಸುತ್ತಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ. ಯಾವುದೋ ದೂರದ ಊರಿನ ನಿವೃತ್ತ ಅಧಿಕಾರಿಗಳು, ಅವರ ಬಂಧುಬಳಗದ ಉದ್ದನೆಯ ಪಟ್ಟಿ, ಇದನ್ನೆಲ್ಲ ಯಾರು ಓದುತ್ತಾ ಕೂರುತ್ತಾರೆ.

ಮೌಸ್ ಕೆಟ್ಟ ಸುದ್ದಿ ಪೇಟೆಗೆ ಹಬ್ಬಿತು. ಅಪ್‌ಗ್ರೇಡ್ ಮಾಡಿದ್ದೆ ಎಂಬುದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಯಾಕೆಂದರೆ ಅದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ನನಗೇ ಹೊಳೆದಿರಲಿಲ್ಲ. ಅದು ಒಳಗಿನ ವ್ಯವಹಾರ, ಇದು ಹೊರಗಿನ ಮೌಸು. ಟಾರ್ಪಾಲು ಕೊಳ್ಳಲು ಬಂದ ಮಲ್ಲಂದೂರಿನ ಗೌಡರಿಗೆ ಕಷ್ಟ ಹೇಳಿಕೊಂಡೆ. ಅವರು ಎಸ್ಟೇಟಿನ ಯಜಮಾನರು, ಯಾವುದಕ್ಕೂ ಗೊತ್ತಿಲ್ಲ ಅಂದವರಲ್ಲ. ಮೌಸನ್ನು ಕೈಗೆತ್ತಿಕೊಂಡು, ತೂಗಿ ನೋಡಿ, ಬೆರಳಿಂದ ಒತ್ತಿ ನೋಡಿದರು. ಪಾರ್ಚ್‌ಮೆಂಟ್ ಒಣಗಿದೆಯೋ ಇಲ್ಲವೋ ಎಂದು ಹಲ್ಲಲ್ಲಿ ಕಚ್ಚಿ ನೋಡುವ ಅಭ್ಯಾಸ ಅವರಿಗೆ. ಇಲ್ಲೂ ಎಲ್ಲಿ ಕಚ್ಚುತ್ತಾರೋ ಎಂದು ನಾನು ಹೆದರಿದೆ.

"ಪ್ರಸಾದ್, ಒಳಗೆ ಥಂಡಿ ಹಿಡಿದಿದೆ ಇದಕ್ಕೆ. ಚೆನ್ನಾಗಿ ಬಿಸಿಲು ತೋರಿಸಿ, ಸರಿಹೋಗುತ್ತೆ. ಮನೇಲಿ ಕಾಫಿ ಒಣಹಾಕಿದ್ದೀರಲ್ಲ, ಅದ್ರ ಜೊತೆಗೇ ಇಟ್ಟುಬಿಡಿ."

ಅಪ್ಪನ ರೇಡಿಯೋದ ವಂಶದಲ್ಲಿ ಹುಟ್ಟಿದ ನನಗೆ ಇದಕ್ಕಿಂತ ಸರಿಯಾದ ಮಾತು ಬೇರೆ ಕಾಣಲಿಲ್ಲ. ಮನೆಯ ಹಿಂದೆ ನಮಗೂ ಒಂದಿಷ್ಟು ಅರೇಬಿಕಾ ಗಿಡ ಇವೆ, ಅದರ ಬೀಜ ತಾರಸಿಯಲ್ಲಿ ಒಣಗುತ್ತಿತ್ತು. ಮಳೆ ಬಿಟ್ಟು ಬಿಸಿಲು ಕಂಡ ದಿನ ಮೌಸನ್ನು ತೆಗೆದುಕೊಂಡು ಹೋಗಿ, ಬಾಲವನ್ನು ನೀಟಾಗಿ ಸುತ್ತಿ, ಪಾರ್ಚ್‌ಮೆಂಟಿನ ನಡುವೆ ಹೊಟ್ಟೆ ಮೇಲಾಗಿ ಮಲಗಿಸಿ ಬಂದೆ. ಎರಡೂ ಕಡೆ ಕಾಯಲಿ ಎಂದು ಮಧ್ಯೆ ಒಮ್ಮೆ ಹೋಗಿ ಮಗುಚಿಯೂ ಬಂದೆ. ಶೈಲಾಗೆ ಹೇಳುವುದು ಮರೆತೆ.

ಮಧ್ಯಾಹ್ನ ದೇವರಮನೆ ಗುಡ್ಡದ ಕಡೆಯಿಂದ ಮೋಡ ಎದ್ದು ಬಂತು. ಕಾಫಿ ಒಣಹಾಕಿದ ಮನೆಯಲ್ಲಿ ಮೋಡ ಕಂಡರೆ ಹೇಗಿರುತ್ತದೆ ಎಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಓಡುತ್ತಾರೆ. ಶೈಲಾ ಮರದ ಹಲಗೆಯಿಂದ ಬೀಜವನ್ನೆಲ್ಲ ಒಟ್ಟಿಗೆ ಎಳೆದು, ರಾಶಿ ಮಾಡಿ, ಟಾರ್ಪಾಲು ಮುಚ್ಚಿ, ಅಂಚಿಗೆ ಕಲ್ಲು ಹೇರಿ ಕೆಳಗಿಳಿದಳು. ಆಮೇಲೆ ಬಿಸಿಲು ಬಂದಾಗ ಹಲಗೆಯಿಂದಲೇ ದಪ್ಪಗೆ ಹರವಿದಳು, ಒಣಗಿತು, ಕತ್ತಲಾಗುವ ಅವಸರದಲ್ಲಿ ಮೂಟೆ ಕಟ್ಟಿದಳು. ನನ್ನ ಮೌಸ್ ಎಲ್ಲೂ ಇಲ್ಲ. ನಾನು ತಾರಸಿಯಲ್ಲಿ ಮಂಡಿಯೂರಿ ಹುಡುಕುತ್ತಿದ್ದಾಗ ಮೇಲೆ ಬಂದ ಅವಳು ಏನು ಎಂದು ಕೇಳಿದಳು. ಹೇಳಿದೆ.

"ಮೌಸು. ಒಣಹಾಕಿದ್ರಿ."

"ಗೌಡ್ರು ಹೇಳಿದ್ರು."

"ಗೌಡ್ರು ಹೇಳಿದ್ರೆ ನನ್ನೂ ಒಣಹಾಕ್ತೀರಾ?"

ಮೂಟೆಗಳ ಬಾಯಿ ಬಿಚ್ಚಿ ತೋಳು ಮುಳುಗುವವರೆಗೆ ಕೈ ಹಾಕಿ ತಡಕಿದೆವು. ಕೊನೆಯ ಮೂಟೆಯ ತಳದಲ್ಲಿ ಬಾಲ ಸಿಕ್ಕಿತು. ಸಿಗದೇ ಇದ್ದಿದ್ದರೆ ಅದು ಬೀಜ ಹಸನು ಮಾಡಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸಿಗೆ ಹೋಗಿ, ಅಲ್ಲಿಯವರು ಅದನ್ನು ಯಾವ ಗ್ರೇಡಿಗೆ ಸೇರಿಸುತ್ತಿದ್ದರೋ. ಮೌಸ್ ಚೆನ್ನಾಗಿಯೇ ಒಣಗಿತ್ತು. ಚಕ್ರದ ಸಂದಿಯಲ್ಲಿ ಒಂದು ಕಾಫಿ ಬೀಜ ಸಿಕ್ಕಿಕೊಂಡು, ಅದು ಅತ್ತಲೂ ತಿರುಗುತ್ತಿರಲಿಲ್ಲ, ಇತ್ತಲೂ ತಿರುಗುತ್ತಿರಲಿಲ್ಲ. ಉಲ್ಟಾ ತಿರುಗುವ ಕಾಯಿಲೆಯಂತೂ ವಾಸಿಯಾಗಿತ್ತು.

ಹೊಸ ಮೌಸ್ ತಂದೆ. ಸಿಕ್ಕಿಸಿ ಚಕ್ರ ತಿರುಗಿಸಿದೆ. ಅದೂ ಉಲ್ಟಾ. ಆಗ ನನಗೆ ಜ್ಞಾನೋದಯವಾಯಿತು, ತಪ್ಪು ಮೌಸಿನದಲ್ಲ, ಕಂಪ್ಯೂಟರಿನದು. ಒಂದು ನಿರಪರಾಧಿ ಜೀವವನ್ನು ಬಿಸಿಲಿಗೆ ಹಾಕಿ ಕೊಂದಿದ್ದೆ.

ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದೆ. ಅವನು ಕೂರಲೂ ಇಲ್ಲ, ಬಾಗಿಲಲ್ಲೇ ನಿಂತು, "ಫಾರ್ಮ್ಯಾಟ್ ಮಾಡ್ಬೇಕು ಸರ್, ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು" ಅಂದ. ಅವನಿಗೆ ಯಾವ ಕಾಯಿಲೆ ಹೇಳಿದರೂ ಅದೇ ಔಷಧಿ. ನೆಗಡಿ ಬಂತು ಅಂದರೆ ಸಾಯಿಸಿ ಮತ್ತೆ ಹುಟ್ಟಿಸೋಣ ಅನ್ನುವ ಜಾತಿಯ ವೈದ್ಯ. ನಾನು ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದೆ. ಕಂಪನಿಯ ಸಹಾಯವಾಣಿಗೂ ಫೋನ್ ಮಾಡಿದೆ. ಬಹಳ ಹೊತ್ತು ಕೊಳಲು ಕೇಳಿಸಿದರು. ಆಮೇಲೆ ಒಬ್ಬರು ಬಂದು, ಆಫ್ ಮಾಡಿ ಆನ್ ಮಾಡಿದಿರಾ ಎಂದು ಕೇಳಿ, ಮತ್ತೆ ಕೊಳಲಿಗೇ ಬಿಟ್ಟರು.

ಈ ಗಲಾಟೆಯ ನಡುವೆ ಒಂದು ಬೆಳಿಗ್ಗೆ ಹೋದೋರ ಪುಟ ತೆರೆದವನು ನಿಂತುಬಿಟ್ಟೆ. ಸಂಸೆಯ ಪದ್ಮಾವತಿಯವರು.

ಪದ್ಮಾವತಿಯವರು ಅತ್ತೆಯ ಗೆಳತಿ. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಸಂಸೆಯಿಂದ ಮೊದಲ ಬಸ್ಸಿಗೆ ಹೊರಟು, ಕಳಸ, ಕೊಟ್ಟಿಗೆಹಾರ ದಾಟಿ ನಮ್ಮ ಅಂಗಡಿಗೆ ಬರುತ್ತಿದ್ದರು. ಕೊಡೆ, ಕಂಬಳಿ ಆರಿಸುವುದು ಅರ್ಧ ಗಂಟೆಯ ಕೆಲಸ. ಸಂಜೆ ಬಸ್ಸಿನವರೆಗೆ ಉಳಿದ ಹೊತ್ತೆಲ್ಲ ಟಾರ್ಪಾಲು ಸುರುಳಿಗಳ ಮೇಲೆ ಕೂತು ಇಬ್ಬರೂ ಪಿಸುಗುಟ್ಟಿಕೊಂಡು ನಗುವುದು. ಗಿರಾಕಿಗಳ ಮುಂದೆ ಹುಲಿಯಂತಿದ್ದ ಅತ್ತೆ ಆ ಒಂದು ದಿನ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಚಿಕ್ಕವನಾಗಿದ್ದಾಗ ಅವರು ಬರುವ ದಿನ ನನಗೆ ಹಬ್ಬ, ಯಾಕೆಂದರೆ ಆ ದಿನ ನನ್ನನ್ನು ಯಾರೂ ಗದರುತ್ತಿರಲಿಲ್ಲ. ಈಚಿನ ವರ್ಷಗಳಲ್ಲಿ ಇಬ್ಬರಿಗೂ ಓಡಾಡಲು ಆಗದೆ ಬರೀ ಫೋನು, ಅದೂ ಸಂಸೆಯಲ್ಲಿ ನೆಟ್‌ವರ್ಕ್ ಸಿಕ್ಕಿದ ದಿನ.

ಅತ್ತೆ ಕುರ್ಚಿಯಲ್ಲಿ ಕಾಯುತ್ತಿದ್ದರು. ಉಳಿದವರನ್ನು ಓದಿದೆ, ಅವರನ್ನು ಬಿಟ್ಟೆ.

"ಅಷ್ಟೇನಾ?" ಅಂದರು.

"ಅಷ್ಟೇ ಅತ್ತೆ. ಇವತ್ತು ಕಮ್ಮಿ."

"ಹೂಂ" ಎಂದು ನನ್ನ ಕಿವಿಯ ಆಚೆ ನೋಡಿದರು. ಅವರು ಗೋಡೆ ನೋಡುತ್ತಿದ್ದಾರೋ ನನ್ನನ್ನು ನೋಡುತ್ತಿದ್ದಾರೋ ತಿಳಿಯುವುದಿಲ್ಲವಲ್ಲ. ಆ ದಿನ ಅವರು ಯಾರನ್ನೂ ಗದರಲಿಲ್ಲ. ಮೈಗೆ ಹುಷಾರಿಲ್ಲವೇನೋ ಎಂದುಕೊಂಡೆ. ಹೇಗೆ ಹೇಳುವುದು, ಯಾವಾಗ ಹೇಳುವುದು ಎಂದು ಯೋಚಿಸುತ್ತಾ, ಹೇಳದೇ ಇರುವುದೇ ದಯೆ ಎಂದು ನನಗೆ ನಾನೇ ಒಪ್ಪಿಸಿಕೊಂಡೆ.

ಇದಾದ ಮೇಲೆ ಅಂಗಡಿಗೆ ಹಮೀದ್ ಬಂದ. ನಮ್ಮ ಪಕ್ಕದ ವರ್ಕ್‌ಶಾಪಿನವನು, ನನ್ನ ಜೊತೆ ಶಾಲೆಗೆ ಹೋದವನು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೋಟಾರು, ಕಳೆ ಹೊಡೆಯುವ ಮಿಷನ್ನು, ಸ್ಪ್ರೇಯರು ರಿಪೇರಿ ಮಾಡುತ್ತಾನೆ. ಕೊಯ್ಲಿನ ಕೆಲಸದಲ್ಲಿ ಮುಳುಗಿದ್ದವನಿಗೆ ಮೌಸಿನ ಸುದ್ದಿ ತಡವಾಗಿ ಮುಟ್ಟಿತ್ತು.

"ಎಂತ ಮಾರಾಯ, ಮೌಸ್ ಒಣಗಿಸ್ದೆಯಂತೆ? ಉಪ್ಪು ಖಾರ ಹಚ್ಚಿದ್ಯೋ ಇಲ್ವೋ?"

ನಗು ಮುಗಿದ ಮೇಲೆ ಅವನು ಗಂಭೀರವಾಗಿ ಚಕ್ರ ತಿರುಗಿಸಿ ನೋಡಿದ. "ಇದು ಕರೆಂಟಿನ ಫೇಸ್ ಉಲ್ಟಾ ಆಗಿರೋದು. ಅವತ್ತು ಮರ ಬಿದ್ದಾಗ ಲೈನ್‌ಮನ್ ವೈರ್ ಅದಲುಬದಲು ಕೊಟ್ಟಿದ್ದಾನೆ. ಗೌಡ್ರ ಪಲ್ಪರ್ರೂ ಅವತ್ತೇ ಉಲ್ಟಾ ತಿರುಗಿದ್ದು. ನಾನು ಎರಡು ವೈರ್ ಬದಲಾಯಿಸಿದೆ, ಸರಿಹೋಯ್ತು."

"ಅದು ಮೂರು ಫೇಸಿನ ಮೋಟಾರ್ ಮಾರಾಯ. ಇದಕ್ಕೆ ಬರೋದು ಒಂದೇ ಫೇಸು. ಇದಕ್ಕೆ ಉಲ್ಟಾ ಎಲ್ಲಿಂದ ಬಂತು?"

"ಅದಕ್ಕೇನು ಗೊತ್ತಾಗುತ್ತೆ, ಕಂಪ್ಯೂಟರ್ ಅದು" ಅಂದ ಹಮೀದ್. ಆಮೇಲೆ ಮೌಸನ್ನೇ ತಿರುಗಿಸಿ, ಬಾಲ ತನ್ನ ಹೊಟ್ಟೆಯ ಕಡೆ ಬರುವ ಹಾಗೆ ಹಿಡಿದು ಪ್ರಯತ್ನಿಸಿದ. ಪುಟ ಸರಿಯಾಗಿ ಇಳಿಯಿತು, ಆದರೆ ಬಾಣದ ಗುರುತು ಬಲಕ್ಕೆ ಕರೆದರೆ ಎಡಕ್ಕೆ ಓಡಿತು. ಎರಡೂ ಎಡಗಾಲಿನ ಬೂಟು ಹಾಕಿದ ನನ್ನ ಬಾಲ್ಯ ನೆನಪಾಯಿತು.

ಆದರೆ ಹಮೀದ್ ಬಿಡಲಿಲ್ಲ. ಉಲ್ಟಾ ತಿರುಗುವ ಯಾವುದಕ್ಕಾದರೂ ಎಲ್ಲೋ ಒಂದು ಕಡೆ ಅದಲುಬದಲು ಮಾಡುವ ಜಾಗ ಇದ್ದೇ ಇರುತ್ತದೆ ಎಂದು ಅವನ ಹಟ. ನಾನು ಸೆಟ್ಟಿಂಗ್ ತೆರೆದೆ, ಅವನು ನನ್ನ ಭುಜದ ಮೇಲಿಂದ ಬಾಗಿ ಗ್ರೀಸ್ ಬೆರಳಲ್ಲಿ ಪರದೆ ಮುಟ್ಟಿ ಮುಟ್ಟಿ ತೋರಿಸಿದ. ಪರದೆಯ ಬಣ್ಣ, ಸದ್ದು, ಅಕ್ಷರ, ಕೊನೆಗೆ ಮೌಸು. ಅಲ್ಲಿ ಇತ್ತು, ಚಕ್ರದ ದಿಕ್ಕು. ಅಪ್‌ಗ್ರೇಡ್ ಮಾಡಿದವರು ನಮ್ಮನ್ನು ಒಂದು ಮಾತೂ ಕೇಳದೆ ಅದನ್ನು ಬದಲಾಯಿಸಿ ಹೋಗಿದ್ದರು. ಒಂದು ಸಲ ಒತ್ತಿದೆ. ಚಕ್ರ ಎಳೆದೆ. ಪುಟ ಮುದ್ದಾಗಿ ಕೆಳಗಿಳಿಯಿತು.

"ನಾನು ಹೇಳ್ಲಿಲ್ವಾ? ಫೇಸು" ಅಂದ ಹಮೀದ್.

ಇಬ್ಬರೂ ಗೆದ್ದವರಂತೆ ಕೂಗಿ ಅತ್ತೆಯನ್ನು ಕರೆದೆವು. ಶೈಲಾ ಅವರ ಕೈ ಹಿಡಿದು ಕರೆತಂದಳು. "ಸರಿಹೋಯ್ತು ಅತ್ತೆ, ಇನ್ನು ನೀವೇ ಓದಿಕೊಳ್ಳಿ" ಎಂದು ಕುರ್ಚಿ ಎಳೆದು ಕೊಟ್ಟೆ. ಅತ್ತೆ ತಲೆ ಓರೆ ಮಾಡಿ, ಬೆರಳು ಚಕ್ರದ ಮೇಲಿಟ್ಟು, ಆಚೆಗೆ ತಳ್ಳಿದರು. ಪುಟ ಹಿಂದಕ್ಕೆ ಜಿಗಿಯಿತು. ಇನ್ನೊಮ್ಮೆ ತಳ್ಳಿದರು. ಪೇಪರಿನ ತಲೆಗೇ ಹೋಯಿತು.

"ಏನೋ ಮಾಡ್ದೆ ಇದಕ್ಕೆ? ಸರಿ ಇತ್ತಲ್ಲೋ!"

"ಎಲ್ಲಿ ಸರಿ ಇತ್ತು? ಉಲ್ಟಾ ಇತ್ತು, ಈಗ ಸರಿ ಮಾಡಿದ್ದೀವಿ."

"ಉಲ್ಟಾ ಇದ್ದಿದ್ದು ಮುಂಚೆ. ಮುಂದಕ್ಕೆ ತಳ್ಳಿದ್ರೆ ಮುಂದಿಂದು ಬರ್ಬೇಕು. ಪ್ಲಾಸ್ಟಿಕ್ ಸುರುಳಿ ತಳ್ಳಿದ್ರೆ ಹಿಂದಕ್ಕೆ ಬರುತ್ತೇನೋ? ಕಂಪ್ಯೂಟರಿನೋರು ಈಗ ಸರಿ ಮಾಡಿಕೊಟ್ಟಿದ್ರು, ನೀನು ಕೆಡಿಸ್ದೆ."

ನನಗೆ ಅರ್ಥವಾಗಲಿಲ್ಲ. ಶೈಲಾಳ ಮುಖ ನೋಡಿದೆ. ಅವಳು ಚಾವಣಿಗೆ ನೇತುಹಾಕಿದ ಕೊಡೆಗಳನ್ನು ಎಣಿಸುವವಳಂತೆ ಮೇಲೆ ನೋಡುತ್ತಿದ್ದಳು. ಆಮೇಲೆ ಹೊರಬಿತ್ತು. ಹೊಸ ಮೌಸ್ ಬಂದ ಮಾರನೇ ದಿನದಿಂದಲೇ, ನಾನು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಶೈಲಾ ಕಂಪ್ಯೂಟರ್ ಹಾಕಿಕೊಡುತ್ತಿದ್ದಳು. ಅತ್ತೆ ಚಕ್ರದ ಹೊಸ ದಿಕ್ಕನ್ನು ಬೆರಳಿಗೆ ಕಲಿಸಿ, ಇಡೀ ಪುಟ ಓದಿ ಮುಗಿಸಿ, ಏನೂ ಗೊತ್ತಿಲ್ಲದವರಂತೆ ನನ್ನ ಓದು ಕೇಳಲು ಕೂರುತ್ತಿದ್ದರು.

"ಹಾಗಾದ್ರೆ ನನ್ನ ಕೈಲಿ ಯಾಕೆ ಓದಿಸ್ತಿದ್ರಿ ಅತ್ತೆ?"

"ನೀನು ಎಷ್ಟು ಜನನ್ನ ಉಳಿಸ್ತೀಯ ಅಂತ ನೋಡ್ತಿದ್ದೆ."

ಹಮೀದ್ ನಕ್ಕ. ಅವನಿಗೆ ಗೊತ್ತಿರಲಿಲ್ಲ. ನಾನು ನಗಲಿಲ್ಲ.

"ದೂರದೋರನ್ನ ಹಾರಿಸಿದ್ದು ಸೋಮಾರಿತನಕ್ಕೆ, ಅದು ಹಾಳಾಗೋಗ್ಲಿ" ಅಂದರು ಅತ್ತೆ. ಅವರ ಧ್ವನಿ ತಗ್ಗಿತ್ತು. "ಪದ್ಮನ್ನ ಯಾಕೋ ಹಾರಿಸ್ದೆ?"

ಹಮೀದ್ ಮೆಲ್ಲಗೆ ಎದ್ದು ತನ್ನ ವರ್ಕ್‌ಶಾಪಿಗೆ ಹೋದ. ನನಗೆ ಹೋಗಲು ಎಲ್ಲೂ ಇರಲಿಲ್ಲ. ನಿಮಗೆ ಬೇಜಾರಾಗುತ್ತೆ ಅಂತ, ಎಂದೆ. ಹೇಳುವಾಗಲೇ ಅದು ಎಷ್ಟು ಸಣ್ಣ ಮಾತು ಎಂದು ಕೇಳಿಸಿತು.

"ಬೇಜಾರು ನಂದು. ನಿನಗ್ಯಾಕೆ ಅದು? ಅವಳು ಹೋದ ಸುದ್ದಿ ನಾನು ಓದಿ, ನೀನು ಬಂದು ಓದ್ತೀಯ ಅಂತ ಕಾದೆ. ಓದಿದ್ರೆ ಇಬ್ರೂ ಕೂತು ನಾಲ್ಕು ಮಾತಾಡ್ಬಹುದಿತ್ತು. ಯಾರ ಹತ್ರ ಮಾತಾಡ್ಲೋ ನಾನು?"

ನಾನು ಸೆಟ್ಟಿಂಗ್ ತೆರೆದು ಚಕ್ರವನ್ನು ಮತ್ತೆ ಉಲ್ಟಾ ಮಾಡಿದೆ. ಅಂದರೆ ಅತ್ತೆಯ ಲೆಕ್ಕದಲ್ಲಿ ಸರಿ ಮಾಡಿದೆ. "ಆ ದಿನದ್ದು ತೆಗಿ" ಅಂದರು. ತೆಗೆದುಕೊಟ್ಟೆ. ಅವರು ಬೆರಳಿಟ್ಟು ಮುಂದಕ್ಕೆ ತಳ್ಳಿದರು.

ಅಷ್ಟು ಹಿಗ್ಗಿಸಿದ ಫೋಟೋ ಒಟ್ಟಿಗೆ ಕಾಣುವುದಿಲ್ಲ. ಮೊದಲು ಬೈತಲೆ ಬಂತು, ಆಮೇಲೆ ಹಣೆಯ ಕುಂಕುಮ, ಆಮೇಲೆ ಕಣ್ಣು. ಅತ್ತೆ ಓರೆಯಾಗಿ ನೋಡುತ್ತಾ, ಕಿವಿಯ ಹತ್ತಿರ ನಿಲ್ಲಿಸಿದರು. "ಈ ಓಲೆ ನೋಡು. ಒಂದ್ಸಲ ನಮ್ಮಂಗಡೀಲಿ ಕಳ್ಕೊಂಡು, ಟಾರ್ಪಾಲೆಲ್ಲ ಬಿಚ್ಚಿಸಿ ಹುಡುಕಿಸಿದ್ಲು. ಎಲ್ಲಿತ್ತು ಗೊತ್ತಾ? ಅವಳ ತುರುಬಲ್ಲೇ ಸಿಕ್ಕಿಕೊಂಡಿತ್ತು." ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಗುತ್ತಲೇ ಅತ್ತರು. ಮತ್ತೆ ಚಕ್ರ ತಳ್ಳಿದರು, ಅಕ್ಷರಗಳು ನಾಲ್ಕು ನಾಲ್ಕಾಗಿ ಮೇಲೆದ್ದು ಹೋದವು. ಸಂಸೆಯ. ಪದ್ಮಾವತಿಯವರು. ಅಷ್ಟು ನಿಧಾನವಾಗಿ ಯಾರನ್ನಾದರೂ ಓದುವುದನ್ನು ನಾನು ನೋಡಿದ್ದು ಅದೇ ಮೊದಲು. ಗಮ್‌ಬೂಟು ಕೇಳಿಕೊಂಡು ಬಂದ ಗಿರಾಕಿಗೆ ಶೈಲಾ ಆಮೇಲೆ ಬನ್ನಿ ಅಂದಳು.

ಅಂದಿನಿಂದ ನಮ್ಮ ಅಂಗಡಿಯ ಕಂಪ್ಯೂಟರ್ ಹಾಗೇ ಇದೆ. ಗೌಡರು ಬಂದಾಗೆಲ್ಲ ಮೌಸ್ ಚೆನ್ನಾಗಿ ಒಣಗಿತಾ ಎಂದು ಕೇಳುತ್ತಾರೆ. ಒಣಗಿತು ಅನ್ನುತ್ತೇನೆ. ಅವರಿಗೆ ಹೆಮ್ಮೆಯಾಗುತ್ತದೆ. ಹಮೀದ್ ಈಗಲೂ ಲೈನ್‌ಮನ್‌ನನ್ನೇ ಬೈಯುತ್ತಾನೆ. ಬಿಲ್ಲು ಮಾಡುವಾಗ ನನ್ನ ಬೆರಳು ಹಳೇ ಅಭ್ಯಾಸಕ್ಕೆ ಚಕ್ರವನ್ನು ಎಳೆಯುತ್ತದೆ, ಪುಟ ಹಿಂದಕ್ಕೆ ಓಡುತ್ತದೆ, ಗಿರಾಕಿ ಕಾಯುತ್ತಾನೆ. ಅತ್ತೆಗೆ ಪರದೆ ಕಾಣದಿದ್ದರೂ ನನ್ನ ನಿಟ್ಟುಸಿರು ಕೇಳಿಸುತ್ತದೆ.

ಬೆಳಿಗ್ಗೆ ಅವರು ಓದಿದ ಮೇಲೆ ನಾನೂ ಓದಬೇಕೆಂದು ಹೊಸ ಕಾನೂನು. ಜೋರಾಗಿ, ಒಬ್ಬರನ್ನೂ ಬಿಡದೆ, ಬಂಧುಬಳಗದ ಪಟ್ಟಿ ಸಮೇತ. ನಡುವೆ ನಿಲ್ಲಿಸಿ ಅವರನ್ನು ಅತ್ತೆ ಹೇಗೆ ಬಲ್ಲರು ಎಂಬುದನ್ನು ಕೇಳಬೇಕು. ಮೊನ್ನೆ ಹೀಗೆ ಓದುತ್ತಿದ್ದವನನ್ನು ತಡೆದು ಹೇಳಿದರು, "ನಂದು ಬಂದ ದಿನಾನೂ ಹಿಂಗೇ ಓದ್ಬೇಕು. ಅವಸರ ಮಾಡ್ಬೇಡ, ಹಾರಿಸ್ಬೇಡ."

ಏನಾದರೂ ಮಾಡಬೇಕಲ್ಲ ಎಂದು ಚಕ್ರ ತಿರುಗಿಸಿದೆ, ಪುಟ ಹಿಂದಕ್ಕೆ ಜಿಗಿದು ಪೇಪರಿನ ತಲೆಗೆ ಹೋಯಿತು.

"ಮುಂದಕ್ಕೆ ತಳ್ಳೋ" ಅಂದರು ಅತ್ತೆ, ನನ್ನ ಕಿವಿಯ ಆಚೆ ನೋಡುತ್ತಾ.